ಲಾಳಿಯ ಏಟು, ಡಯೋಡಿನ ಸುಂಕ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ 1ಎನ್4148 ಡಯೋಡನ್ನು ಒಂದೇ ಒಂದು ಕೊಡಿ ಎಂದರೆ ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ. ಒಂದಕ್ಕೆಲ್ಲ ಬಿಲ್ ಮಾಡೋಕಾಗಲ್ಲ, ಪಟ್ಟಿಯೇ ತಗೊಂಡು ಹೋಗಿ ಸಾರ್ ಅನ್ನುತ್ತಾರೆ. ಅಕ್ಕಿಕಾಳಿನಷ್ಟು ದಪ್ಪದ, ಕಿತ್ತಳೆ ಬಣ್ಣದ ಗಾಜಿನ ಮೈ. ಒಂದು ತುದಿಗೆ ಕಪ್ಪು ಗೆರೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು ಅದರ ಕೆಲಸ. ಪಿಯುಸಿ ಪುಸ್ತಕದಲ್ಲಿ ಓದಿದವರಿಗೆ ಇಷ್ಟು ನೆನಪಿರುತ್ತದೆ. ಆದರೆ ಈ ಕೆಲಸಕ್ಕೆ ಅದು ಕೇಳುವ ಸುಂಕವೊಂದಿದೆ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದು ಮರೆತುಬಿಡುವಂಥ ಆ ವಿಷಯದ ಜೊತೆ ನಾನು ನಾಲ್ಕು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ.

ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್ ಬರುವ ತನಕ ಬಾಗಿಲು ತೆರೆಯುವುದಿಲ್ಲ. ಐದು ವೋಲ್ಟ್ ತಂದವನಿಂದ 0.6 ಇಟ್ಟುಕೊಂಡು ಉಳಿದದ್ದನ್ನು ಒಳಗೆ ಬಿಡುತ್ತದೆ. ಅರ್ಧ ವೋಲ್ಟ್ ತಂದವನನ್ನು ಒಳಗೇ ಬಿಡುವುದಿಲ್ಲ. ಮೊಬೈಲ್ ಚಾರ್ಜರಿನೊಳಗೆ ಕೂತ ಡಯೋಡಿಗೆ ಇದು ದೊಡ್ಡ ಸಂಗತಿಯಲ್ಲ, 230 ವೋಲ್ಟಿನ ವ್ಯವಹಾರದಲ್ಲಿ ಅರವತ್ತು ಪೈಸೆಯ ಲೆಕ್ಕ ಯಾರಿಡುತ್ತಾರೆ? ಆದರೆ ಮೈಕ್ರೊಫೋನಿನಿಂದ ಬರುವ ಸಂಕೇತ ಹಾಗಲ್ಲ. ಸಾಕಷ್ಟು ಹಿಗ್ಗಿಸಿದ ಮೇಲೂ ಅದು ಒಮ್ಮೆ ಮೂರು ವೋಲ್ಟ್, ಮರುಗಳಿಗೆಗೆ ಮೂವತ್ತು ಮಿಲಿವೋಲ್ಟ್. ಅದನ್ನು ಬರಿಯ ಡಯೋಡಿಗೆ ಕೊಟ್ಟರೆ ಸಣ್ಣ ಸದ್ದುಗಳೆಲ್ಲ ಸೊನ್ನೆ. ಕಡಿಮೆ ಕಾಣುವುದಲ್ಲ, ಅವು ಇರಲೇ ಇಲ್ಲವೆಂದು ಬರೆದುಕೊಳ್ಳುತ್ತದೆ.

ನನ್ನ ಪಿಎಚ್.ಡಿ. ವಿಷಯವನ್ನು ಊರಲ್ಲಿ ಯಾರಾದರೂ ಕೇಳಿದರೆ "ಸಪ್ಪಳ ಅಳಿಯೂ ಮಷಿನ್" ಎಂದು ಹೇಳುತ್ತೇನೆ. ನಮ್ಮೂರು ರಬಕವಿ-ಬನಹಟ್ಟಿ ಕಡೆ. ಅಲ್ಲಿ ಪವರ್‌ಲೂಮ್ ಮನೆಯೊಳಗೇ ಇರುತ್ತವೆ. ಗೋಡೆಯ ಈಚೆ ಅಡುಗೆ, ಆಚೆ ಮಗ್ಗ. ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾರಬೇಕು. ಪ್ರತಿ ಸಲ ಒಂದು ಕೋಲು ಅದನ್ನು ಹೊಡೆದು ಓಡಿಸುತ್ತದೆ, ಆಚೆ ತುದಿಯ ಪೆಟ್ಟಿಗೆ ಅದನ್ನು ಬಡಿದು ನಿಲ್ಲಿಸುತ್ತದೆ. ನಿಮಿಷಕ್ಕೆ 120 ಸಲ ಎಂದಿಟ್ಟುಕೊಳ್ಳಿ. ಎರಡು ಮಗ್ಗ ನೋಡಿಕೊಳ್ಳುವವರು ಎಂಟು ತಾಸಿನಲ್ಲಿ ಇಂಥ ಏಟು ಕೇಳುವುದು ಒಂದು ಲಕ್ಷದ ಹದಿನೈದು ಸಾವಿರಕ್ಕೂ ಹೆಚ್ಚು. ಅಪ್ಪ ಇದನ್ನು ಮೂವತ್ತೊಂದು ವರ್ಷ ಕೇಳಿದ. ಈಗ ಅವನಿಗೆ ಕರೆದರೆ ಕೇಳುತ್ತದೆ, ಮಾತಾಡಿದರೆ ಕೇಳುವುದಿಲ್ಲ. ಅಂದರೆ "ಅಪ್ಪಾ" ಎಂದು ಜೋರಾಗಿ ಕೂಗಿದರೆ ತಿರುಗುತ್ತಾನೆ. ಅಕ್ಕನ ಮಗಳು ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದರೆ ನಗುತ್ತಾನಷ್ಟೇ. ನಗು ಯಾಕೆಂದರೆ ಏನು ಹೇಳಿದಳೋ ಗೊತ್ತಾಗಿಲ್ಲ.

ಗದ್ದಲದಿಂದ ಕೆಡುವ ಕಿವಿ ಸಾಮಾನ್ಯವಾಗಿ ಮೊದಲು ಕೆಡುವುದು 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಸ, ಶ, ತ, ಕ ಇಂಥ ವ್ಯಂಜನಗಳ ಚೂಪು ಇರುವುದು ಆ ಎತ್ತರದ ದನಿಗಳಲ್ಲೇ. ಸ್ವರಗಳು ಉಳಿಯುತ್ತವೆ. ಹಾಗಾಗಿ ಅಪ್ಪನಿಗೆ ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನು ಮಾತಾಡುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಲ್ಲಿ ನೇಯುವ ಹೆಂಗಸರು ತುಟಿಯ ಚಲನೆಯಲ್ಲೇ ಮಾತಾಡಿಕೊಳ್ಳುವ ಒಂದು ಭಾಷೆಯನ್ನೇ ಕಟ್ಟಿಕೊಂಡಿದ್ದರಂತೆ. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ. ಆದರೆ ಅಪ್ಪ ಈಗಲೂ ಮಾತಾಡುವವರ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾನೆ.

ಇನ್ನು ಆ ಸುಂಕವನ್ನು ತಪ್ಪಿಸುವ ಉಪಾಯ. ಆಪ್-ಆಂಪ್ ಎಂಬ ಚಿಪ್ಪಿಗೆ ಎರಡು ಕಿವಿಗಳು. ಎರಡರ ನಡುವಿನ ವ್ಯತ್ಯಾಸವನ್ನು ಲಕ್ಷ ಪಟ್ಟು ಹಿಗ್ಗಿಸಿ ಹೊರಗೆ ಹಾಕುತ್ತದೆ. ಹೊರಬಂದದ್ದರ ಒಂದು ಪಾಲನ್ನು ಉಲ್ಟಾ ಕಿವಿಗೆ ಹಿಂದಿರುಗಿಸಿದರೆ, ಎರಡೂ ಕಿವಿಗೆ ಒಂದೇ ಕೇಳುವ ತನಕ ಅದು ಸುಮ್ಮನಿರುವುದಿಲ್ಲ. ಈ ನೆಗೆಟಿವ್ ಫೀಡ್‌ಬ್ಯಾಕ್ ಬೆಲ್ ಲ್ಯಾಬ್ಸಿನ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರಿಗೆ ಹೊಳೆದದ್ದು 1927ರ ಆಗಸ್ಟ್ 2ರಂದು, ಹಡ್ಸನ್ ನದಿ ದಾಟಿ ಕೆಲಸಕ್ಕೆ ಹೋಗುವ ದೋಣಿಯಲ್ಲಿ. ಕೈಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೇ ಲೆಕ್ಕ ಬರೆದುಕೊಂಡ. ಪೇಟೆಂಟ್ ಕೈಗೆ ಬಂದದ್ದು 1937ರಲ್ಲಿ. ಐದನೇ ವರ್ಷಕ್ಕೆ ಕಾಲಿಡುತ್ತಿರುವ ಸಂಶೋಧನಾರ್ಥಿಗಳು ಆಗಾಗ ನೆನಪಿಸಿಕೊಳ್ಳಬೇಕಾದ ಇಸವಿ ಇದು.

ಈಗ ಡಯೋಡನ್ನು ಆಪ್-ಆಂಪಿನ ಹೊರಬಾಗಿಲಿಗೆ ಇಟ್ಟು, ಡಯೋಡಿನ ಆಚೆ ಬದಿಯಿಂದ ಫೀಡ್‌ಬ್ಯಾಕ್ ತೆಗೆದುಕೊಳ್ಳಿ. ಆಪ್-ಆಂಪಿಗೆ ತನ್ನ ಹೊರಬಾಗಿಲಲ್ಲಿ ಎಷ್ಟಿದೆ ಎಂಬ ಚಿಂತೆಯಿಲ್ಲ. ಡಯೋಡ್ ದಾಟಿದ ಮೇಲೆ ಎಷ್ಟು ಉಳಿಯಿತು ಎಂಬುದಷ್ಟೇ ಅದಕ್ಕೆ ಕಾಣುತ್ತದೆ. ಹತ್ತು ಮಿಲಿವೋಲ್ಟ್ ಒಳಗೆ ಬಂದರೆ, ಆಚೆ ಹತ್ತು ಮಿಲಿವೋಲ್ಟೇ ಸಿಗುವ ಹಾಗೆ, ಸುಂಕದ 0.6 ವೋಲ್ಟನ್ನು ತಾನೇ ಕೈಯಿಂದ ಹಾಕಿ ಕಳಿಸುತ್ತದೆ. ಲಕ್ಷ ಪಟ್ಟು ಹಿಗ್ಗಿಸುವ ಶಕ್ತಿ ಇರುವುದರಿಂದ ಆ 0.6 ವೋಲ್ಟಿನ ಸುಂಕ ಒಳಗಿನವರ ಲೆಕ್ಕಕ್ಕೆ ಆರು ಮೈಕ್ರೊವೋಲ್ಟ್ ಮಾತ್ರ. ಇದೇ ಪ್ರಿಸಿಷನ್ ರೆಕ್ಟಿಫೈಯರ್. ಒಂದು ಚಿಪ್ಪು, ಒಂದು ಡಯೋಡ್, ಒಂದು ತಂತಿ. ಮೊದಲ ಸಲ ಆಸಿಲೋಸ್ಕೋಪಿನಲ್ಲಿ ಇಪ್ಪತ್ತು ಮಿಲಿವೋಲ್ಟಿನ ಅಲೆಯ ಮೇಲರ್ಧ ಹಾಗೇ ಪೂರ್ತಿ ಉಳಿದು, ಕೆಳಗಿನರ್ಧ ಚೊಕ್ಕವಾಗಿ ಕತ್ತರಿಸಿಹೋದದ್ದು ಕಂಡಾಗ ನನಗಾದ ಖುಷಿಯನ್ನು ರೂಮ್‌ಮೇಟಿಗೆ ವಿವರಿಸಲು ಹೋಗಿ ಅವನ ಊಟ ಆರಿಸಿದ್ದೆ.

ಆದರೆ ಪುಸ್ತಕದ ಈ ಚಂದದ ಚಿತ್ರ ಮಗ್ಗದ ಮುಂದೆ ನಿಲ್ಲುವುದಿಲ್ಲ. ಅಲೆ ಕೆಳಮುಖವಾದಾಗ ಡಯೋಡ್ ಮುಚ್ಚಿಕೊಳ್ಳುತ್ತದೆ, ಫೀಡ್‌ಬ್ಯಾಕ್ ಕಡಿದುಹೋಗುತ್ತದೆ, ಆಪ್-ಆಂಪ್ ಬಾವಿಗೆ ಬಿದ್ದ ಕೊಡದ ಹಾಗೆ ತಳ ಸೇರುತ್ತದೆ. ಎರಡು 9 ವೋಲ್ಟ್ ಬ್ಯಾಟರಿಯ ಮೇಲೆ ಓಡುತ್ತಿದ್ದರೆ ಮೈನಸ್ ಏಳೂವರೆಯ ಹತ್ತಿರ. ಅಲೆ ಮತ್ತೆ ಮೇಲೆದ್ದಾಗ ಅಲ್ಲಿಂದ ಹತ್ತಿ ಬರಬೇಕು. 741 ಎಂಬ ಹಳೆಯ ಚಿಪ್ಪು ಮೈಕ್ರೊಸೆಕೆಂಡಿಗೆ ಅರ್ಧ ವೋಲ್ಟಿನಷ್ಟು ಮಾತ್ರ ಹತ್ತಬಲ್ಲದು. ಎಂಟು ವೋಲ್ಟ್ ಹತ್ತಲು ಹದಿನಾರು ಮೈಕ್ರೊಸೆಕೆಂಡ್. 10 ಕಿಲೋಹರ್ಟ್ಸಿನ ಅಲೆಗೆ ಇರುವ ಅರ್ಧಾವಧಿಯೇ ಐವತ್ತು ಮೈಕ್ರೊಸೆಕೆಂಡ್. ಮೂರರಲ್ಲೊಂದು ಭಾಗ ಹತ್ತುವುದರಲ್ಲೇ ಮುಗಿಯಿತು. ಅದಕ್ಕೇ ಎರಡು ಡಯೋಡಿನ ವಿನ್ಯಾಸ. ಒಂದು ಮುಚ್ಚಿದಾಗ ಇನ್ನೊಂದು ತೆರೆದು ಫೀಡ್‌ಬ್ಯಾಕನ್ನು ಹಿಡಿದುಕೊಂಡಿರುತ್ತದೆ, ಕೊಡ ತಳಕ್ಕೆ ಹೋಗುವುದಿಲ್ಲ. ಮೈನಸ್ 0.6ರಿಂದ ಪ್ಲಸ್ 0.6ಕ್ಕೆ, ಒಟ್ಟು 1.2 ವೋಲ್ಟ್ ಹಾರಿದರೆ ಸಾಕು. ಚಿಪ್ಪನ್ನೂ ಬದಲಿಸಿ ಟಿಎಲ್072 ಹಾಕಿದರೆ ಅದು ಮೈಕ್ರೊಸೆಕೆಂಡಿನ ಹತ್ತನೇ ಒಂದು ಭಾಗದ ಕೆಲಸ.

ಸದ್ದಿನ ಏಟು ಮೊದಲು ಗಾಳಿಯನ್ನು ಒತ್ತುತ್ತದೋ ಸೆಳೆಯುತ್ತದೋ ಮೊದಲೇ ಹೇಳಲು ಬರುವುದಿಲ್ಲ. ಅದಕ್ಕಾಗಿ ಕೆಳಗಿನ ಅರ್ಧವನ್ನೂ ಬಿಸಾಡದೆ ಮಡಿಚಿ ಮೇಲಕ್ಕೆ ತರಬೇಕು. ಇನ್ನೊಂದು ಆಪ್-ಆಂಪ್, ಇನ್ನೊಂದಿಷ್ಟು ರೆಸಿಸ್ಟರ್. ಮೂಲ ಅಲೆಗೆ ಅರ್ಧ ಅಲೆಯ ಇಮ್ಮಡಿಯನ್ನು ತಿರುವಿ ಕೂಡಿಸಿದರೆ ಆಯಿತು. ಈ 'ಇಮ್ಮಡಿ' ಸರಿಯಾಗಿ ಇಮ್ಮಡಿಯೇ ಆಗಿರಬೇಕು. ರೆಸಿಸ್ಟರುಗಳಲ್ಲಿ ಶೇಕಡಾ ಐದರಷ್ಟು ಏರುಪೇರಿದ್ದರೆ ಸ್ಕೋಪಿನಲ್ಲಿ ಗುಡ್ಡಗಳ ಸಾಲು ಒಂದು ದೊಡ್ಡದು, ಒಂದು ಸಣ್ಣದು, ಕುಂಟುತ್ತ ನಡೆದ ಹಾಗೆ ಕಾಣುತ್ತದೆ. ಶೇಕಡಾ ಒಂದರ ಮೆಟಲ್ ಫಿಲ್ಮ್ ರೆಸಿಸ್ಟರ್ ತಂದು, ಅದರಲ್ಲೂ ಮೀಟರಿಟ್ಟು ಜೋಡಿ ಆರಿಸುತ್ತ ಕೂತ ಮಧ್ಯಾಹ್ನಗಳಿವೆ. ಅವ್ವ ಅಕ್ಕಿಯಲ್ಲಿ ಹರಳು ಆರಿಸುವಾಗಿನ ಅದೇ ಭಂಗಿ, ಅದೇ ಬೆನ್ನುನೋವು.

ವರ್ಷಕ್ಕೊಮ್ಮೆ ನಡೆಯುವ ಪ್ರಗತಿ ಪರಿಶೀಲನೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಇದೆಲ್ಲ 1970ರ ಸರ್ಕ್ಯೂಟ್ ಅಲ್ಲವೇ? ಸದ್ದನ್ನು ಡಿಜಿಟೈಸ್ ಮಾಡಿ ಸಾಫ್ಟ್‌ವೇರಲ್ಲಿ ಗರಿಷ್ಠ ಹುಡುಕಿದರೆ ಮುಗೀತಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಖಂಡಿತ ಆಗುತ್ತದೆ. ಆದರೆ ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಎಚ್ಚರವಿದ್ದು ಅಳೆಯುವ ಪ್ರೊಸೆಸರ್ ಬ್ಯಾಟರಿಯನ್ನು ಕುಡಿಯುತ್ತದೆ. ನನಗೆ ಬೇಕಾದದ್ದು ನೇಕಾರನ ಅಂಗಿಯ ಕಾಲರಿಗೆ ಸಿಕ್ಕಿಸಿದರೆ ಇಡೀ ಪಾಳಿ ಓಡುವ, ಕಳೆದರೂ ಹೊಟ್ಟೆ ಉರಿಯದ ಬೆಲೆಯ ಡಬ್ಬಿ. ಅನಲಾಗ್ ಸರ್ಕ್ಯೂಟ್ ಏಟನ್ನು ಹಿಡಿದಿಟ್ಟುಕೊಂಡು ಕಾಯುತ್ತದೆ. ಪ್ರೊಸೆಸರ್ ನಿದ್ದೆ ಮಾಡುತ್ತ ಸೆಕೆಂಡಿಗೆ ಹತ್ತು ಸಲ ಎದ್ದು, "ಏನಾದರೂ ಬಂದಿತ್ತಾ?" ಎಂದು ಕೇಳಿ ಮತ್ತೆ ಮಲಗಬಹುದು. ಹೊಸತನ ಎಲ್ಲಿ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ, ಫಾರ್ಮಿನಲ್ಲಿ 'ತೃಪ್ತಿಕರ' ಎಂದು ಬರೆದರು.

ಏಟನ್ನೇ ಹಿಡಿಯಬೇಕೆಂಬ ಹಟ ಯಾಕೆ, ಸರಾಸರಿ ಸಾಲದೇ ಎಂದು ಕೇಳಬಹುದು. ಹತ್ತು ಮಿಲಿಸೆಕೆಂಡಿನ ಒಂದು ಏಟನ್ನು ಒಂದು ಸೆಕೆಂಡಿಗೆ ಹರಡಿ ಸರಾಸರಿ ಮಾಡಿದರೆ ಶಕ್ತಿ ನೂರರಲ್ಲೊಂದು ಪಾಲು, ಅಂದರೆ 20 ಡೆಸಿಬೆಲ್ ಕಡಿಮೆ. ಗಾಳಿಯ ಒತ್ತಡದ ಲೆಕ್ಕದಲ್ಲಿ ಇದು ಹತ್ತು ಪಟ್ಟು. ಕಿವಿಯೊಳಗೆ ಜೋರು ಸದ್ದು ಬಂದಾಗ ಬಿಗಿದುಕೊಂಡು ರಕ್ಷಿಸುವ ಒಂದು ಪುಟ್ಟ ಸ್ನಾಯು ಇದೆ. ಅದು ಬಿಗಿದುಕೊಳ್ಳಲು ಹತ್ತಾರು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಲಾಳಿ ಬಡಿದು ಮುಗಿದಿರುತ್ತದೆ. ಒಂದೇ ಶಕ್ತಿಯ ಸದ್ದು ಸಮನಾಗಿ ಹರಿದು ಬರುವುದಕ್ಕೂ ಏಟುಗಳಾಗಿ ಬೀಳುವುದಕ್ಕೂ ಕಿವಿಯ ಮಟ್ಟಿಗೆ ವ್ಯತ್ಯಾಸವೆಷ್ಟು ಎಂಬುದು ನಮ್ಮ ಕ್ಷೇತ್ರದ ಹಳೆಯ ತಕರಾರು. ತಕರಾರು ಮುಂದುವರಿಯಬೇಕಾದರೂ ಏಟಿನ ಅಳತೆ ಯಾರಾದರೂ ಬರೆದಿಟ್ಟಿರಬೇಕಲ್ಲ.

ಬರೆದಿಡುವ ಆ ಕೆಲಸವೇ ಪೀಕ್ ಡಿಟೆಕ್ಟರಿನದು. ನನಗೆ ಅತಿ ಪ್ರೀತಿಯ, ಅತಿ ಕಾಟ ಕೊಟ್ಟ ಸರ್ಕ್ಯೂಟ್. ನೋಡಲು ಸುಲಭ. ಪ್ರಿಸಿಷನ್ ರೆಕ್ಟಿಫೈಯರಿನ ಮುಂದೆ ಒಂದು ಕೆಪಾಸಿಟರ್. ಅಲೆ ಏರಿದಾಗ ಅದು ತುಂಬಿಕೊಳ್ಳುತ್ತದೆ. ಇಳಿದಾಗ ಡಯೋಡ್ ಮುಚ್ಚಿಕೊಳ್ಳುವುದರಿಂದ ತುಂಬಿದ್ದು ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಂದು ಆಪ್-ಆಂಪ್, ಕೆಪಾಸಿಟರಿನಿಂದ ಒಂದು ತೊಟ್ಟೂ ಕುಡಿಯದೆ ಮಟ್ಟ ಓದಿ ಹೇಳುವುದಕ್ಕೆ.

ಕೆಪಾಸಿಟರ್ ಎಷ್ಟು ದೊಡ್ಡದಿರಬೇಕು? ದೊಡ್ಡದಾದರೆ ನೆನಪು ಗಟ್ಟಿ, ಕಲಿಯುವುದು ನಿಧಾನ. ಒಂದು ಮೈಕ್ರೊಫ್ಯಾರಡ್ ಹಾಕಿ ಹತ್ತು ಮಿಲಿಆಂಪಿಯರಿನಲ್ಲಿ ತುಂಬಿಸಿದರೆ ಐದು ವೋಲ್ಟ್ ಮುಟ್ಟಲು ಐನೂರು ಮೈಕ್ರೊಸೆಕೆಂಡ್ ಬೇಕು. ಏಟಿನ ತುದಿ ಅಷ್ಟು ಹೊತ್ತು ಕಾಯುವುದಿಲ್ಲ. ಹತ್ತು ನ್ಯಾನೊಫ್ಯಾರಡ್ ಹಾಕಿದರೆ ಐದೇ ಮೈಕ್ರೊಸೆಕೆಂಡಿಗೆ ತುಂಬುತ್ತದೆ. ಆದರೆ ಅಷ್ಟು ಸಣ್ಣ ಬಿಂದಿಗೆಗೆ ಎಲ್ಲೆಲ್ಲಿಂದಲೂ ಸೋರಿಕೆ. 741 ತನ್ನ ಕಿವಿಗೇ 80 ನ್ಯಾನೊಆಂಪಿಯರ್ ಕೇಳುತ್ತದೆ. ಸೆಕೆಂಡಿಗೆ ಎಂಟು ವೋಲ್ಟ್ ಖಾಲಿ! ಟಿಎಲ್072 ಕೇಳುವುದು ಪಿಕೊಆಂಪಿಯರುಗಳಲ್ಲಿ, ಅದರ ತೊಂದರೆಯಿಲ್ಲ. ಆಮೇಲೆ ಡಯೋಡು. ಮುಚ್ಚಿದ ಬಾಗಿಲಿನ ಸಂದಿಯಿಂದಲೂ ಸ್ವಲ್ಪ ಸೋರುತ್ತದೆ, ಬಿಸಿಲು ಏರಿದ ಹಾಗೆ ಹೆಚ್ಚು ಸೋರುತ್ತದೆ. ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಬೆಂಗಳೂರಿನ ಲ್ಯಾಬಿನಲ್ಲಿ ಸುಮ್ಮನಿದ್ದ ಡಯೋಡ್ ನಮ್ಮೂರಿನ ಏಪ್ರಿಲ್ಲಿಗೆ ಬೇರೆಯೇ ಪ್ರಾಣಿ. ಇದಕ್ಕೂ ಮದ್ದಿದೆ. ಎರಡು ಡಯೋಡನ್ನು ಸಾಲಾಗಿ ಇಟ್ಟು, ನಡುವಿನ ಬಿಂದುವನ್ನು ಒಂದು ರೆಸಿಸ್ಟರಿನ ಮೂಲಕ ಹೊರಬಂದ ವೋಲ್ಟೇಜಿಗೇ ಕಟ್ಟುವುದು. ಆಗ ಒಳಗಿನ ಡಯೋಡಿನ ಎರಡೂ ಬದಿ ಒಂದೇ ಮಟ್ಟ. ಮಟ್ಟ ಒಂದೇ ಆದಮೇಲೆ ಸೋರುವುದೆಲ್ಲಿಗೆ? ನಾನು ಕಲಿತ ಸರ್ಕ್ಯೂಟ್ ಯುಕ್ತಿಗಳಲ್ಲಿ ಇದಕ್ಕಿಂತ ಸಭ್ಯವಾದದ್ದು ಇನ್ನೊಂದಿಲ್ಲ.

ಉಳಿದದ್ದು ಬೋರ್ಡು. ಬೆಸುಗೆಯ ಫ್ಲಕ್ಸ್, ಬೆರಳಿನ ಬೆವರು, ಇವೆಲ್ಲ ಸಣ್ಣ ಕರೆಂಟಿಗೆ ಹೆದ್ದಾರಿಗಳು. ಜೊತೆಗೆ ನಮ್ಮ ಶೆಡ್ಡಿನ ವಿಶೇಷ: ಹತ್ತಿಯ ಧೂಳು. ಗಾಳಿಯಲ್ಲಿ ಹಾರಾಡಿ ಎಲ್ಲದರ ಮೇಲೂ ಕೂರುತ್ತದೆ, ಕೂತಲ್ಲಿ ತೇವ ಹೀರುತ್ತದೆ. ಎಳೆ ಹರಿಯದಿರಲೆಂದು ಶೆಡ್ಡಿನಲ್ಲಿ ತೇವ ಬೇಕೇ ಬೇಕು. ಆಷಾಢದಲ್ಲಿ ಕೆಪಾಸಿಟರಿನ ಕಾಲ ಬಳಿ ಕೂತ ಒಂದು ಧೂಳಿನ ಎಳೆ ಇಡೀ ನೆನಪನ್ನು ಬಸಿದುಬಿಡುತ್ತದೆ. ಕೊನೆಗೆ ಆ ಬಿಂದುವಿನ ಸುತ್ತ ತಾಮ್ರದ ಒಂದು ಉಂಗುರ ಎಳೆದು, ಉಂಗುರಕ್ಕೂ ಅದೇ ವೋಲ್ಟೇಜ್ ಕೊಟ್ಟು, ಬೋರ್ಡಿಗೆಲ್ಲ ವಾರ್ನಿಷ್ ಬಳಿದೆ.

ಕೆಪಾಸಿಟರಿಗೆ ಇನ್ನೊಂದು ಗುಣವಿದೆ. ಪೂರ್ತಿ ಖಾಲಿ ಮಾಡಿ ಬಿಟ್ಟರೂ ಸ್ವಲ್ಪ ಹೊತ್ತಿಗೆ ಹಳೆಯ ವೋಲ್ಟೇಜಿನ ಒಂದು ಚೂರು ತಾನಾಗಿ ಮೇಲೆ ಬರುತ್ತದೆ. ಒಳಗಿನ ಪದರ ಹೀರಿಕೊಂಡದ್ದನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ. ಪಾಲಿಪ್ರೊಪಿಲೀನಿನದಾದರೆ ಕಡಿಮೆ, ಅಗ್ಗದ ಸೆರಾಮಿಕ್ಕಾದರೆ ಜಾಸ್ತಿ. ರಾತ್ರಿ ಮಗ್ಗ ನಿಲ್ಲಿಸಿದ ಮೇಲೂ ಅಪ್ಪನಿಗೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತಂತೆ. ಎರಡಕ್ಕೂ ಸಂಬಂಧವಿಲ್ಲ, ಅದರ ಕಾರಣವೇ ಬೇರೆ. ಆದರೂ ಸ್ಕೋಪಿನಲ್ಲಿ ಆ ಗೆರೆ ತಾನಾಗಿ ಮೇಲೇಳುವುದನ್ನು ನೋಡುವಾಗೆಲ್ಲ ನನಗೆ ಅದೇ ನೆನಪಾಗುತ್ತದೆ.

ಇಷ್ಟೆಲ್ಲ ಸೋರಿಕೆ ನಿಲ್ಲಿಸಿದ ಮೇಲೆ, ವಿಚಿತ್ರವೆಂದರೆ, ಬೇಕೆಂದೇ ಒಂದು ಸೋರಿಕೆ ಇಡಬೇಕು. ಹಿಡಿದದ್ದನ್ನು ಎಂದೂ ಬಿಡದ ಡಿಟೆಕ್ಟರಿಗೆ ಮೊದಲನೇ ದೊಡ್ಡ ಏಟಿನ ನಂತರದ್ದೇನೂ ಕಾಣುವುದಿಲ್ಲ. ಎಷ್ಟು ಹೊತ್ತಿಗೆ ಮರೆಯಬೇಕು ಎಂದು ಯಾರೋ ತೀರ್ಮಾನಿಸಬೇಕು. ಸದ್ದಿನ ಮೀಟರುಗಳಲ್ಲಿ 'ಫಾಸ್ಟ್' ಎಂದರೆ 125 ಮಿಲಿಸೆಕೆಂಡ್, 'ಸ್ಲೋ' ಎಂದರೆ ಒಂದು ಸೆಕೆಂಡ್. 'ಇಂಪಲ್ಸ್' ಎಂಬುದು ಏರಲು 35 ಮಿಲಿಸೆಕೆಂಡ್, ಇಳಿಯಲು ಒಂದೂವರೆ ಸೆಕೆಂಡ್ ತೆಗೆದುಕೊಳ್ಳುತ್ತದೆ. ಇವೆಲ್ಲ ಪ್ರಕೃತಿಯ ನಿಯಮಗಳಲ್ಲ, ಮೇಜಿನ ಸುತ್ತ ಕೂತವರು ಆರಿಸಿದ ಅಂಕಿಗಳು. ಒಂದೇ ಶೆಡ್ಡು, ಒಂದೇ ಲಾಳಿ, ಗುಂಡಿ ತಿರುಗಿಸಿದರೆ ಬೇರೆ ಬೇರೆ ಸಂಖ್ಯೆ.

ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ಲ್ಯಾಬಿನಲ್ಲಲ್ಲ. ಅಪ್ಪನಿಗೆ ಶ್ರವಣಯಂತ್ರ ಹಾಕಿಸಿದ್ದೆವು. ಎರಡು ತಿಂಗಳಿಗೆ ತೆಗೆದು ಡಬ್ಬಿಯಲ್ಲಿಟ್ಟುಬಿಟ್ಟ. ಯಾಕೆಂದರೆ, "ಬ್ಯಾಡ ತಮ್ಮಾ. ಗಂಗಾಳ ಬಿದ್ದಿತಂದ್ರ ಆಮ್ಯಾಲ ಯಾರ ಮಾತಾಡಿದ್ದೂ ಕೇಳಂಗಿಲ್ಲ. ಮಷಿನ್ ಅಂಜಿ ಕುಂಡರತೈತಿ" ಅಂದ. ಅವ್ವ ಇದನ್ನು ನೆಪ ಎಂದಳು. ನನಗೆ ನೆಪ ಅನ್ನಿಸಲಿಲ್ಲ. ಶ್ರವಣಯಂತ್ರದೊಳಗೂ ಮಟ್ಟ ಅಳೆಯುವ ಡಿಟೆಕ್ಟರ್ ಇರುತ್ತದೆ. ಈಗಿನವು ಡಿಜಿಟಲ್, ಕೆಪಾಸಿಟರಿನ ಜಾಗದಲ್ಲಿ ಲೆಕ್ಕ. ಪ್ರಶ್ನೆ ಮಾತ್ರ ಅದೇ. ಜೋರು ಸದ್ದು ಬಂದರೆ ಕೆಲವೇ ಮಿಲಿಸೆಕೆಂಡಿನಲ್ಲಿ ದನಿ ತಗ್ಗಿಸಬೇಕು, ಮತ್ತೆ ಏರಿಸುವುದು ಎಷ್ಟು ಹೊತ್ತಿಗೆ? ಅಪ್ಪನ ಯಂತ್ರ ಗಂಗಾಳದ ಸದ್ದನ್ನು ಬಹಳ ಹೊತ್ತು ನೆನಪಿಟ್ಟುಕೊಳ್ಳುತ್ತಿತ್ತು. ಅಷ್ಟರಲ್ಲಿ ಅವ್ವ ಹೇಳಿದ್ದು ಮುಗಿದಿರುತ್ತಿತ್ತು.

ಕಿವಿ ಪರೀಕ್ಷೆ ಮಾಡುವವರ ಹತ್ತಿರ ಕರೆದುಕೊಂಡು ಹೋಗಿ, ಅಪ್ಪ ಅಂದ ಮಾತನ್ನು ಹಾಗೇ ಹೇಳಿದೆ. ಅವರು ಬೇಸರಿಸದೆ ಕಂಪ್ಯೂಟರಿಗೆ ಜೋಡಿಸಿ ಇಳಿಯುವ ಸಮಯವನ್ನು ಚಿಕ್ಕದು ಮಾಡಿದರು. ಬಟ್ಟಲು ಬೀಳಿಸಿ ಮಾತಾಡಿ ತೋರಿಸಿದರು. ಅಪ್ಪ ತಲೆಯಾಡಿಸಿದ. ಮನೆಗೆ ಬಂದ ಮೇಲೆ ಹೊಸ ದೂರು: ಮಾತಿನ ನಡುನಡುವೆ ಫ್ಯಾನು ಎದ್ದೆದ್ದು ಬರುತ್ತದೆ. ಅದೂ ನಿಜವೇ. ಬೇಗ ಮರೆಯುವ ಯಂತ್ರ ಎರಡು ಮಾತಿನ ನಡುವಿನ ಬಿಡುವಿನಲ್ಲೂ ದನಿ ಏರಿಸಿಬಿಡುತ್ತದೆ. ಗಂಗಾಳವೋ ಫ್ಯಾನೋ, ಎರಡರಲ್ಲೊಂದು. ಅಪ್ಪ ಎರಡು ದಿನ ಯೋಚಿಸಿ ಫ್ಯಾನನ್ನು ಆರಿಸಿಕೊಂಡ. "ಫ್ಯಾನ್ ಆರಿಸಿದ್ರ ಆತು. ಗಂಗಾಳ ಬೀಳೂದು ನಮ್ಮ ಕೈಯಾಗ ಐತೇನು?"

ಕಳೆದ ಯುಗಾದಿಗೆ ಊರಿಗೆ ಹೋದಾಗ ಡಬ್ಬಿಯನ್ನು ಪರಿಚಯದವರೊಬ್ಬರ ಶೆಡ್ಡಿಗೆ ಒಯ್ದೆ. ಎಂಟು ಮಗ್ಗ. ಮೊಬೈಲಿನ ಆ್ಯಪ್ ತೋರಿಸಿದ ಸರಾಸರಿಗೂ, ನನ್ನ ಡಬ್ಬಿ ಹಿಡಿದ ಏಟಿಗೂ ಇಪ್ಪತ್ತು ಡೆಸಿಬೆಲ್ಲಿಗಿಂತ ಹೆಚ್ಚು ಅಂತರವಿತ್ತು. ಮಾಲೀಕರು ಪರದೆ ನೋಡಿ, ಇದರಲ್ಲಿ ಸರ್ಕಾರಕ್ಕೆ ಕೊಡೂದು ಯಾವುದು ಎಂದು ಕೇಳಿದರು. ಯಾವುದೂ ಅಲ್ಲ ಎಂದೆ. 2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸಿ ಹತ್ತು ಮಂದಿ ದುಡಿಯುವ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾಗಿತ್ತು. ಮೂರು ಜನರ ಶೆಡ್ಡಿಗೆ ಅದರ 90 ಡೆಸಿಬೆಲ್ಲೂ ಇರಲಿಲ್ಲ, ಏಟಿಗೆ ಹೇಳಿದ 140ರ ಮಿತಿಯೂ ಇರಲಿಲ್ಲ. ಲಾಳಿಯ ಏಟು ಹೇಗೂ 140 ಮುಟ್ಟುವುದಿಲ್ಲ. ಅವರಿಗೆ ಸಮಾಧಾನವಾಯಿತು.

ಶೆಡ್ಡಿನಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಹತ್ತೊಂಬತ್ತಿರಬೇಕು. ಮಾಲೀಕರು ಚಹಾಕ್ಕೆ ಹೋದಾಗ ನನ್ನ ಹತ್ತಿರ ಬಂದು ಡಬ್ಬಿಯತ್ತ ಬೆರಳು ತೋರಿಸಿ ಏನೋ ಕೇಳಿದ. ಸದ್ದಿನಲ್ಲಿ ನನಗೆ ಕೇಳಲಿಲ್ಲ. ಅವನ ಬಾಯಿ ನೋಡಿದೆ. ಮತ್ತೊಮ್ಮೆ ಕೇಳಿದ. ಯಾವ ಮಗ್ಗ ಬಾಳ ಹೊಡೀತೈತಿ ಅಂತ ಇದು ಹೇಳತೈತೇನು? ಹೇಳುತ್ತದೆ ಎಂದು ತಲೆಯಾಡಿಸಿದೆ. ಒಂದೊಂದೇ ಮಗ್ಗದ ಪಕ್ಕ ಹಿಡಿದು ತೋರಿಸಿದೆ. ಐದನೆಯದರ ಹತ್ತಿರ ಅಂಕಿ ಎಲ್ಲಕ್ಕಿಂತ ಮೇಲೆ ಹೋಯಿತು. ಅವನು ಆ ಮಗ್ಗ ನಿಲ್ಲಿಸಿ, ಬಗ್ಗಿ, ಲಾಳಿ ಬಂದು ಬಡಿಯುವ ಪೆಟ್ಟಿಗೆಯ ತುದಿಯ ಚರ್ಮದ ತುಂಡನ್ನು ಮುಟ್ಟಿ ನೋಡಿದ. ಸವೆದು ಹಪ್ಪಳದಂತಾಗಿತ್ತು. ಕಪಾಟಿನಿಂದ ಹೊಸ ಚರ್ಮ ತಂದು, ಅದನ್ನು ಬಿಗಿಯಲು ಸ್ಪ್ಯಾನರ್ ಹುಡುಕತೊಡಗಿದ.